ಹೋಟ್ಲಕ್ಕನ ಎಡ ಮೊಣಕಾಲು

ಅವರ ಹೆಸರು ನನಗೆ ತಿಳಿಯುವ ಮೊದಲು ಅವರ ಮೊಣಕಾಲು ತಿಳಿದಿತ್ತು. ಎಡಗಾಲು ಎಷ್ಟು ಮಡಚುತ್ತದೆ, ಬಲಗಾಲು ಎಷ್ಟು, ಅರ್ಧ ನಿಮಿಷದಲ್ಲಿ ಕುರ್ಚಿಯಿಂದ ಎಷ್ಟು ಸಲ ಎದ್ದು ಕೂರಬಲ್ಲರು, ಮೆಟ್ಟಿಲು ಹತ್ತಿ ಇಳಿಯಲು ಎಷ್ಟು ಹೊತ್ತು ಬೇಕು, ಎಲ್ಲವೂ ನನ್ನ ಹಾಳೆಯಲ್ಲಿತ್ತು. ಹೆಸರಿರಬೇಕಾದ ಜಾಗದಲ್ಲಿ ಮಾತ್ರ ಒಂದು ನಂಬರು, ನಲವತ್ತೊಂದು. ಮುಂದೆ ಹೆಸರೂ ಗೊತ್ತಾಯಿತು. ಆದರೆ ಇಲ್ಲಿ ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಮಾತಾಡುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹಿನ್ನೀರಿನ ಆಚೆ ದಡದ ಅವರ ಊರಿನ ಜನ ಕರೆಯುತ್ತಿದ್ದ ಹಾಗೆ ನಾನೂ ಹೋಟ್ಲಕ್ಕ ಎನ್ನುತ್ತೇನೆ.

ಹೋದ ತಿಂಗಳು ಅವರು ತೀರಿಕೊಂಡರು. ಅವರ ತಂಗಿ ಫೋನು ಮಾಡಿದಾಗ ನಾನು ಸಾಗರದ ನನ್ನ ಕ್ಲಿನಿಕ್ಕಿನಲ್ಲಿ ಯಾರದೋ ಕಾಲು ಮಡಚಿಸುತ್ತ ಕೂತಿದ್ದೆ. ಬೆಳಗಿನ ಚಹಾಕ್ಕೆ ನೀರಿಟ್ಟು ಸ್ಟೂಲಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದ್ದರಂತೆ. ಹೊಸ ಸೇತುವೆಯ ಮೇಲೆ ಹೋದೆ. ಹಿಂದೆಲ್ಲ ಲಾಂಚಿಗೆ ಕಾದು ಕಾದು ದಾಟುತ್ತಿದ್ದ ಹಿನ್ನೀರು ಈಗ ಕೆಲವೇ ನಿಮಿಷ. ಅವರನ್ನು ಮಲಗಿಸಿದ್ದ ಚಾಪೆಯ ಪಕ್ಕ ಕೂತಾಗ ನನ್ನ ಕೈ ತನ್ನಷ್ಟಕ್ಕೆ ಅವರ ಎಡ ಮೊಣಕಾಲಿನ ಮೇಲೆ ಹೋಯಿತು. ಸೀರೆಯ ಮೇಲಿಂದಲೇ ಹಳೆಯ ಗಾಯದ ಗೀರು ಬೆರಳಿಗೆ ಸಿಕ್ಕಿತು. ಆ ಗೀರು ಅಲ್ಲಿ ಹೇಗೆ ಬಂತೆಂದು ಊರಿನಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ಆಗ ನಾನು ಫಿಸಿಯೊಥೆರಪಿ ಓದು ಮುಗಿಸಿ, ತೀರ್ಥಹಳ್ಳಿಯ ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿದ್ದೆ. ದೂರದ ಊರಿನ ಒಂದು ವೈದ್ಯರ ತಂಡ ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಮೊಣಕಾಲು ಸವೆತದ ಚಿಕಿತ್ಸೆಯ ಬಗ್ಗೆ ಅಧ್ಯಯನ ಶುರು ಮಾಡಿತ್ತು. ಒಪ್ಪಿ ಬಂದವರನ್ನು ಎರಡು ಗುಂಪು ಮಾಡುತ್ತಿದ್ದರು. ಒಂದು ಗುಂಪಿಗೆ ವಾರವಾರ ವ್ಯಾಯಾಮ ಕಲಿಸುವುದು, ಇನ್ನೊಂದಕ್ಕೆ ಮೂರು ತಿಂಗಳಿಗೊಮ್ಮೆ ಕೀಲಿನೊಳಗೆ ಸೂಜಿಮದ್ದು. ಯಾರು ಯಾವ ಗುಂಪಿಗೆ ಎನ್ನುವುದು ಚೀಟಿ ಎತ್ತಿದಂತೆ. ಡಾಕ್ಟರೂ ಆರಿಸುವಂತಿಲ್ಲ, ಬಂದವರೂ ಆರಿಸುವಂತಿಲ್ಲ.

ನನ್ನ ಕೆಲಸ ಅಳೆಯುವುದು. ಚಿಕಿತ್ಸೆಗೂ ನನಗೂ ಸಂಬಂಧವಿಲ್ಲ. ಯಾರಿಗೆ ಯಾವ ಚಿಕಿತ್ಸೆ ನಡೆದಿದೆ ಎಂಬುದು ನನಗೆ ಗೊತ್ತೇ ಆಗಬಾರದು. ಗೊತ್ತಾದರೆ ನನ್ನ ಮನಸ್ಸು ಯಾವ ಕಡೆ ಇದೆಯೋ ಆ ಕಡೆಗೆ ಅಳತೆಯೂ ಕೂದಲೆಳೆಯಷ್ಟು ವಾಲಬಹುದು. ಅದಕ್ಕೇ ಬಂದವರೆಲ್ಲ ನನ್ನ ಕೋಣೆಗೆ ಬರುವ ಮೊದಲು ಎರಡೂ ಮೊಣಕಾಲಿಗೆ ಹಿಗ್ಗುವ ಬಟ್ಟೆಯ ಪಟ್ಟಿ ಸುತ್ತಿಕೊಳ್ಳಬೇಕಿತ್ತು. ಸೂಜಿಯ ಗುರುತಿದ್ದರೂ ನನ್ನ ಕಣ್ಣಿಗೆ ಬೀಳಬಾರದು. ಮೊದಲ ದಿನವೇ ಎಲ್ಲರಿಗೂ ಒಂದು ಮಾತು ಹೇಳುತ್ತಿದ್ದೆ: "ನಿಮಗೆ ಏನು ಚಿಕಿತ್ಸೆ ಕೊಡ್ತಿದಾರೆ ಅನ್ನೋದನ್ನ ನನಗೆ ಹೇಳಬೇಡಿ. ಏನು ತೊಂದರೆ ಇದ್ರೂ ಪಕ್ಕದ ಕೋಣೆಯ ಮೇಡಂ ಹತ್ರ ಹೇಳಿ." ಪಕ್ಕದ ಕೋಣೆಯವರು ಅಧ್ಯಯನದ ಮೇಲ್ವಿಚಾರಕಿ. ಅವರ ಫೋನ್ ನಂಬರಿದ್ದ ಒಂದು ಕಾರ್ಡನ್ನು ಎಲ್ಲರಿಗೂ ಕೊಟ್ಟಿದ್ದರು.

ಜನ ಆಯ್ತು ಎಂದು ತಲೆಯಾಡಿಸುತ್ತಿದ್ದರು. ಎರಡು ನಿಮಿಷದಲ್ಲಿ, "ಹೋದ ವಾರ ಆ ಮಾಸ್ತರು ಕಾಲು ಎತ್ತಿಸಿದ್ದೇ ಎತ್ತಿಸಿದ್ದು ಮಾರಾಯ್ತಿ," ಎಂದುಬಿಡುತ್ತಿದ್ದರು. ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ನನಗೆ ಗೊತ್ತಾಯಿತು ಎಂದು ಬರೆಯಲಿಕ್ಕೇ ಬೇರೆ ಒಂದು ಹಾಳೆ ಇತ್ತು. ಆ ಹಾಳೆ ತುಂಬುತ್ತ ಹೋಯಿತು.

ಹೋಟ್ಲಕ್ಕ ಹಾಗಲ್ಲ. ಅರವತ್ತರ ಆಸುಪಾಸಿನ, ಎತ್ತರದ, ಸ್ವಲ್ಪ ಮುಂದೆ ಬಾಗಿ ನಡೆಯುವ ಹೆಂಗಸು. ಮೊದಲ ದಿನ ನಾನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡರು.

"ನನ್ ಚಾ ಚೆನ್ನಾಗಿದ್ಯಾ ಅಂತ ನನ್ ತಂಗಿನ ಕೇಳಿದ್ರೆ ಪ್ರಯೋಜನ ಇಲ್ಲ. ಲಾಂಚಲ್ಲಿ ಇಳಿದು ಬಂದ ಗುರುತಿಲ್ಲದವ್ರನ್ನ ಕೇಳ್ಬೇಕು. ಹಂಗೇ ಅಲ್ದಾ ಮೇಡಮ್ನೋರೆ?"

ನಮ್ಮ ತಂಡದವರು ಹತ್ತು ಪುಟದಲ್ಲಿ ಬರೆದಿದ್ದನ್ನು ಇಷ್ಟರಲ್ಲಿ ಹೇಳಿದ್ದರು. ಹಾಗೇ ಎಂದೆ.

"ಹಂಗಾರೆ ನನ್ ಬಾಯಿಂದ ಬರಂಗಿಲ್ಲ," ಎಂದರು. ಬರಲೂ ಇಲ್ಲ.

ತುಮರಿ ಕಡೆಯ ದಡದಲ್ಲಿ, ಲಾಂಚು ನಿಲ್ಲುವ ಜಾಗದಿಂದ ಏರು ಹತ್ತಿ ಬಂದರೆ ಅವರ ಹೋಟೆಲು. ಹೋಟೆಲು ಎಂದರೆ ತಗಡಿನ ಮಾಡು, ಎರಡು ಬೆಂಚು, ಒಂದು ಮೇಜು. ಗಂಡ ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅವರ ಹಾಗೆಯೇ ಗಂಡನನ್ನು ಕಳೆದುಕೊಂಡಿದ್ದ ತಂಗಿ ಜೊತೆಗಿದ್ದರು. ಲಾಂಚಿಗೆ ಕಾಯುವವರೆಲ್ಲ ಅಲ್ಲಿ ಕೂರಲೇಬೇಕು. ಕೂತವರು ಮಾತಾಡಲೇಬೇಕು. ಆಸ್ಪತ್ರೆಗೆ ಹೊರಟವರು, ಕೋರ್ಟಿಗೆ ಹೊರಟವರು, ಹೆಣ್ಣು ನೋಡಿ ಬಂದವರು, ಜಗಳವಾಡಿ ತವರಿಗೆ ನಡೆದವರು ಎಲ್ಲರೂ ತಮ್ಮ ಕತೆಯನ್ನು ಆ ಮೇಜಿನ ಮೇಲೆ ಇಟ್ಟು ಲಾಂಚು ಹತ್ತುತ್ತಿದ್ದರು. ಹೋಟ್ಲಕ್ಕ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಒಬ್ಬರದ್ದನ್ನು ಇನ್ನೊಬ್ಬರಿಗೆ ಹೇಳಿದ್ದಿಲ್ಲ. ಯಾರಾದರೂ ಕೂತಲ್ಲೇ ಕಣ್ಣೀರು ಹಾಕಿದರೆ ಅವರು ಸಮಾಧಾನಕ್ಕೂ ಹೋಗುತ್ತಿರಲಿಲ್ಲ. ಒದ್ದೆ ಬಟ್ಟೆ ತಂದು ಅವರ ಮುಂದಿನ ಮೇಜನ್ನು ನಿಧಾನಕ್ಕೆ ಒರೆಸುತ್ತಿದ್ದರು. ಮೇಜು ಆಗಲೇ ಸ್ವಚ್ಛವಾಗಿರುತ್ತಿತ್ತು. ಅತ್ತವರು ಮೂಗು ಒರೆಸಿಕೊಂಡು ಮುಖ ಎತ್ತುವ ತನಕ ಒರೆಸಿ, ಒಂದು ಲೋಟ ಚಹಾ ಇಟ್ಟು ಒಳಗೆ ಹೋಗುತ್ತಿದ್ದರು. ಇದನ್ನೆಲ್ಲ ನಾನು ಕಣ್ಣಾರೆ ನೋಡಿದ್ದು ಆಮೇಲೆ.

ನಮ್ಮ ಪ್ರಶ್ನೆಗಳು ಪರದೇಶದಲ್ಲಿ ಹುಟ್ಟಿ ಕನ್ನಡಕ್ಕೆ ಬಂದವು. ಒಂದು ಪದವನ್ನೂ ಬದಲಿಸುವಂತಿರಲಿಲ್ಲ. ಅದರಲ್ಲೊಂದು, "ಕಾಲುಚೀಲ ಹಾಕಿಕೊಳ್ಳುವಾಗ ಎಷ್ಟು ಕಷ್ಟವಾಗುತ್ತದೆ?" ಎಂಬುದು. ಹೊಸನಗರದ ಕಡೆಯ ಹೆಂಗಸರು ಕೇಳಿದ ಕೂಡಲೇ ನಕ್ಕು, "ಏನೂ ಕಷ್ಟ ಇಲ್ಲ ಅಂತ ಬರ್ಕಳಿ," ಎನ್ನುತ್ತಿದ್ದರು. ಹೋಟ್ಲಕ್ಕ ನಗಲಿಲ್ಲ.

"ನಾನು ಅದನ್ನ ಹಾಕಿದ್ದೇ ಇಲ್ಲಲ್ಲ."

"ಹಾಕಿಕೊಂಡ್ರೆ ಎಷ್ಟು ಕಷ್ಟ ಆಗಬಹುದು ಅಂತ ಅಂದಾಜು ಹೇಳಿ ಅಮ್ಮ."

"ಅಂದಾಜು ಹೇಳಿದ್ರೆ ಸುಳ್ಳಾಗ್ತದೆ. ಅದೊಂದು ಪ್ರಶ್ನೆ ಮುಂದಿನ ಸಲಕ್ಕೆ ಇಡಿ."

ಮುಂದಿನ ಸಲ ಬಂದಾಗ ಕೈಚೀಲದಿಂದ ಕಡುನೀಲಿಯ ಒಂದು ಜೊತೆ ಕಾಲುಚೀಲ ತೆಗೆದರು. ಸಾಗರದ ಪೇಟೆಯಲ್ಲಿ ಕೊಂಡಿದ್ದಂತೆ. ಕುರ್ಚಿಯಲ್ಲಿ ಕೂತು, ಸೆರಗು ಸಿಕ್ಕಿಸಿಕೊಂಡು, ನನ್ನ ಮುಂದೆಯೇ ಎರಡೂ ಕಾಲಿಗೆ ಹಾಕಿದರು. "ಎಂಟು ದಿನ ಮನೇಲೂ ಹಾಕಿ ನೋಡೀನಿ. ಬಲಗಾಲಿಗೆ ಅಡ್ಡಿಲ್ಲ. ಎಡಗಾಲಿಗೆ ಬಗ್ಗಕ್ಕೆ ಆಗಲ್ಲ, ಬಾಳ ಕಷ್ಟ. ಈಗ ಬರ್ಕಳಿ," ಎಂದರು. ಆ ಪ್ರಶ್ನೆಗೆ ಇಡೀ ಮೂರು ತಾಲ್ಲೂಕಿನಲ್ಲಿ ಬಂದ ನಿಜವಾದ ಉತ್ತರ ಅದೊಂದೇ ಇರಬೇಕು.

ನೋವಿನ ಪ್ರಶ್ನೆಯೂ ಹಾಗೆಯೇ ಆಯಿತು. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ಇದಕ್ಕಿಂತ ಹೆಚ್ಚು ಇರಲಾರದು. ಇವತ್ತಿನ ನೋವು ಎಷ್ಟು?

"ಹತ್ತು ಅಂದ್ರೆ ಹೆರಿಗೆ ನೋವಿನಷ್ಟಾ?"

"ಹಾಗೇ ಅಂದ್ಕೊಳ್ಳಿ."

"ನಂಗೆ ಮಕ್ಕಳಾಗಿಲ್ಲ. ಹಂಗಾರೆ ಹತ್ತು ನಂಗೆ ಗೊತ್ತಿಲ್ಲ. ಒಂಬತ್ತರ ತನಕ ಹೇಳ್ತೀನಿ. ಇವತ್ತು ಆರು."

ಹೇಳುವಾಗ ಅವರ ಮುಖದಲ್ಲಿ ಬೇಸರವೇನೂ ಇರಲಿಲ್ಲ. ಅಂಗಡಿಯಲ್ಲಿಲ್ಲದ ಸಾಮಾನನ್ನು ಇಲ್ಲ ಎಂದ ಹಾಗಿತ್ತು.

ಅವರ ತಂಗಿ ಇದಕ್ಕೆಲ್ಲ ತದ್ವಿರುದ್ಧ. ಬಾಯಿಗೆ ಬಂದದ್ದನ್ನು ಹಿಡಿದಿಡುವುದು ಅವರ ಜಾಯಮಾನವಲ್ಲ. ಒಂದು ಸಲ ಜೊತೆಗೆ ಬಂದವರು ನನ್ನ ಬಾಗಿಲಲ್ಲಿ ನಿಂತು, "ಮೇಡಮ್ಮ, ಅಕ್ಕಂಗೆ ಆ ಸೂ..." ಎಂದು ಶುರು ಮಾಡಿದರು.

"ಸುಮ್ನಿರು!" ಎಂದು ಹೋಟ್ಲಕ್ಕ ಗದರಿದ ಜೋರಿಗೆ ನಾನೂ ಕಿವಿ ಮುಚ್ಚಿಕೊಂಡೆ. ಆ ಕ್ಷಣ ಮೂವರಿಗೂ ನಗು ಬಂತು. ತಂಗಿ ಏನು ಹೇಳಲು ಹೊರಟಿದ್ದರೆಂದು ನಾನು ಬೇಕೆಂದೇ ಯೋಚಿಸಲಿಲ್ಲ ಎಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಸೂಕ್ಷ್ಮವಾದ ವ್ಯಾಯಾಮ ಎನ್ನಲು ಹೊರಟಿದ್ದರೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಏಕೆಂದರೆ ನನಗೆ ಬೇಕಾಗಿದ್ದು ಅದು. ಫಿಸಿಯೊ ಓದಿದವಳು ನಾನು, ವ್ಯಾಯಾಮದ ಗುಂಪು ಗೆಲ್ಲಲಿ ಎಂದು ಒಳಗೊಳಗೇ ಆಸೆಯಿತ್ತು. ಗೆಲ್ಲುವ ಪಟ್ಟಿಯಲ್ಲಿ ಹೋಟ್ಲಕ್ಕ ಇರಲಿ ಎಂದೂ ಇತ್ತು.

ಮಳೆಗಾಲ ಮುಗಿಯುತ್ತ ಬಂದಾಗಿನ ಅಳತೆಯಲ್ಲಿ ಅವರ ಕಾಲು ಬಹಳ ಸುಧಾರಿಸಿತ್ತು. ಮೆಟ್ಟಿಲನ್ನು ಮೊದಲಿಗಿಂತ ಬೇಗ ಹತ್ತಿದರು. ನೋವು ಮೂರು ಎಂದರು. ಖುಷಿಗೆ ನನ್ನ ಬಾಯಿ ಜಾರಿತು.

"ಮನೇಲಿ ಏನಾದ್ರೂ ಕಾಲಿನ ವ್ಯಾಯಾಮ ಮಾಡ್ತೀರಾ ಅಮ್ಮ?"

ಅವರು ನನ್ನ ಕೈಯಲ್ಲಿದ್ದ ಹಾಳೆಯ ಕಡೆ ಬಗ್ಗಿ ನೋಡಿದರು. "ಅದು ಇದ್ರಲ್ಲಿ ಬರೆದಿದ್ಯಾ?"

"ಇಲ್ಲ."

"ಮತ್ತೆ ಎಂತಕ್ಕೆ ಕೇಳದು?"

ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದೆ. ಅವರಿಗೆ ಪಾಪ ಅನ್ನಿಸಿರಬೇಕು. ದನಿ ತಗ್ಗಿಸಿ, "ನೋವು ಕಮ್ಮಿ ಆಗಿದ್ದಕ್ಕೆ ಬೇರೆ ಕಾರಣನೂ ಇರಬಹುದು. ಅದನ್ನ ಬೇಕಾದ್ರೆ ಹೇಳ್ತೀನಿ," ಎಂದರು. "ಬೇಸಿಗೇಲಿ ಹೊಳೆ ಇಳಿದು ಲಾಂಚು ಬಾಳ ಕೆಳಗೆ ನಿಲ್ತದೆ. ಹಾಲಿನ ಕ್ಯಾನು ಹೊತ್ತು ಅಷ್ಟುದ್ದ ಏರು ಹತ್ಬೇಕು. ಈಗ ಹೊಳೆ ತುಂಬಿದೆ, ಲಾಂಚು ಅಂಗಡಿ ಹತ್ರನೇ ಬರ್ತದೆ. ನನ್ ಕಾಲು ಬೇಸಿಗೇಲಿ ಬೇರೆ, ಈಗ ಬೇರೆ. ಇದನ್ನೂ ಒಂದ್ಕಡೆ ಬರ್ಕಳಿ."

ಬರೆದುಕೊಂಡೆ. ಮುಂದೆ ಅದನ್ನು ಓದಿದ ಅಧ್ಯಯನದ ಮುಖ್ಯಸ್ಥರು, ಈ ಊರಿನ ಜನ ಹಿನ್ನೀರಿನ ಮಟ್ಟ ನೋಡಿ ನಡೆಯುತ್ತಾರೆಂದು ನಮಗೆ ಹೊಳೆದೇ ಇರಲಿಲ್ಲ ಎಂದರು.

ಆ ವರ್ಷದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಸಾಗರದ ಕೇಂದ್ರದಲ್ಲಿ ಹೋಟ್ಲಕ್ಕನ ಸರದಿ ಇತ್ತು. ಮೇಲ್ವಿಚಾರಕಿ ತೀರ್ಥಹಳ್ಳಿಯ ಕಡೆ ಹೋಗಿದ್ದರು, ಪಕ್ಕದ ಕೋಣೆಗೆ ಬೀಗ. ಹೋಟ್ಲಕ್ಕ ಮೈತುಂಬ ಶಾಲು ಹೊದ್ದು ಒಬ್ಬರೇ ಬಂದರು. ಅಷ್ಟು ಹೊತ್ತಿಗೆ ಪಟ್ಟಿ ಸುತ್ತಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ಹೊರಗಿನ ಬೆಂಚಿನಲ್ಲಿ ತಾವೇ ಸುತ್ತಿಕೊಂಡು, ಗೋಡೆ ಹಿಡಿದು ಒಳಗೆ ಬಂದರು. ಬಾಗಿಲಿನಿಂದ ಕುರ್ಚಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಗೆ ಅವರು ತೆಗೆದುಕೊಂಡ ಹೊತ್ತು ನೋಡಿ ನಾನು ಎದ್ದು ನಿಂತೆ.

"ಕೂತ್ಕಳಿ, ಕೇಳಿ," ಎಂದರು. ಹಣೆಯ ಮೇಲೆ ಬೆವರಿತ್ತು, ಮೈ ನಡುಗುತ್ತಿತ್ತು.

"ನೋವು ಎಷ್ಟಿದೆ?"

"ಒಂಬತ್ತು."

ಅವರ ಬಾಯಲ್ಲಿ ಒಂಬತ್ತು ಎಂದರೆ ಏನೆಂದು ನನಗೆ ಗೊತ್ತಿತ್ತು. ಎಡ ಮೊಣಕಾಲಿನ ಮೇಲೆ ಕೈಯಿಟ್ಟೆ. ಬಟ್ಟೆಯ ಮೇಲಿಂದಲೇ ಬಿಸಿ ಹೊಡೆಯಿತು.

"ಎಷ್ಟು ದಿನ ಆಯ್ತು ಹೀಗಾಗಿ?"

"ನಾಲ್ಕು ದಿನ. ಎರಡು ದಿನ ಬಾವು ಬರಬಹುದು ಅಂತ ಮೊದ್ಲೇ ಹೇಳಿದ್ರು. ಇಳೀತದೆ ಅಂತ ಕಾದೆ."

"ಯಾಕೆ ಬಾವು ಬರಬಹುದು ಅಂದಿದ್ರು? ಏನು ಮಾಡಿದ್ರು?"

ಅವರು ಅಡ್ಡಡ್ಡ ತಲೆಯಾಡಿಸಿದರು. ಹಲ್ಲು ಕಟಕಟ ಎನ್ನುತ್ತಿದ್ದವು. "ಅದು ನಿಮ್ಗೆ ಹೇಳಂಗಿಲ್ಲಲ್ಲ. ಪಕ್ಕದ ಕೋಣೆ ಮೇಡಮ್ಮಂಗೆ ಫೋನು ಮಾಡ್ದೆ. ಎತ್ಲಿಲ್ಲ. ಇಲ್ಲಿಗೆ ಬಂದ್ರೆ ಸಿಗ್ತಾರೆ ಅಂತ ಬಂದೆ. ಬೀಗ ಹಾಕಿದೆ."

"ಅಮ್ಮ, ಈಗ ಹೇಳಬಹುದು. ಹೇಳಬೇಕು."

"ಹೇಳಿದ್ರೆ ನಿಮ್ಮ ಒಂದು ವರ್ಷದ ಕೆಲಸ ಹಾಳಾಗಲ್ವಾ?"

ನಾನು ಮಾತು ಬಿಟ್ಟು ನೆಲದ ಮೇಲೆ ಕೂತು ಪಟ್ಟಿ ಬಿಚ್ಚತೊಡಗಿದೆ. ಕೊನೆಯ ಸುತ್ತು ಕಳಚುವ ಹೊತ್ತಿಗೆ ಹೋಟ್ಲಕ್ಕ ಥಟ್ಟನೆ ಮುಂದೆ ಬಾಗಿ, ಮೊಣಕಾಲಿನ ಒಂದು ಬದಿಯನ್ನು ಅಂಗೈಯಿಂದ ಮುಚ್ಚಿಕೊಂಡರು. ಸೂಜಿ ಹೋದ ಜಾಗ ನನಗೆ ಕಾಣಬಾರದು ಎಂದು. ಅಷ್ಟು ಜ್ವರದಲ್ಲಿ, ಅಷ್ಟು ನೋವಿನಲ್ಲಿ, ಮುಟ್ಟಿದರೆ ಪ್ರಾಣ ಹೋಗುವಂತಿದ್ದ ಆ ಕೀಲಿನ ಮೇಲೆ ಅವರೇ ಕೈ ಒತ್ತಿ ಹಿಡಿದಿದ್ದರು.

ಆ ಕೈಯನ್ನು ಮೆಲ್ಲಗೆ ಎತ್ತಿದೆ. ಕೆಂಪಗೆ, ಹೊಳೆಯುವಂತೆ ಊದಿತ್ತು. ನಾನು ಹಾಳೆಗಳನ್ನೆಲ್ಲ ಅಲ್ಲೇ ಬಿಟ್ಟು ಆಟೋ ಕರೆದೆ. ದಾರಿಯಲ್ಲಿ ನೋವು ಎಲ್ಲಿಂದ ಎಲ್ಲಿಗೆ, ಜ್ವರ ಯಾವಾಗ ಶುರುವಾಯಿತು, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದೆಲ್ಲ ಕೇಳುತ್ತ ಹೋದೆ. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಆಸ್ಪತ್ರೆಯ ಗೇಟಿನಲ್ಲಿ ಮಾತ್ರ ಅವರಾಗಿ ಒಂದು ಪ್ರಶ್ನೆ ಕೇಳಿದರು: "ನನ್ ನಂಬರು ತೆಗ್ದು ಹಾಕ್ತಾರಾ?"

ಡಾಕ್ಟರು ಕೀಲಿನಿಂದ ತೆಗೆದ ನೀರು ಮಬ್ಬಾಗಿ, ತೆಳು ಮಜ್ಜಿಗೆಯ ಹಾಗಿತ್ತು. ಒಳಗೆ ಕೀವಾಗಿತ್ತು. ಅಂದೇ ಶಿವಮೊಗ್ಗಕ್ಕೆ ಕಳಿಸಿದರು. ಆಂಬುಲೆನ್ಸಿನಲ್ಲಿ ನಾನೂ ಹೋದೆ. ಸಂಜೆಯೊಳಗೆ ಕೀಲು ತೆರೆದು ತೊಳೆದರು. ಇನ್ನೆರಡು ದಿನ ತಡವಾಗಿದ್ದರೆ ಕಾಲಿನ ಮಾತಿರಲಿ, ಜೀವಕ್ಕೇ ಕಷ್ಟವಿತ್ತು ಎಂದರು ಅಲ್ಲಿಯ ಡಾಕ್ಟರು. ವಾರ್ಡಿನ ಹೊರಗೆ ಕೂತು ನನ್ನದೇ ಮಾತನ್ನು ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ಏನು ತೊಂದರೆ ಇದ್ದರೂ ಪಕ್ಕದ ಕೋಣೆಯಲ್ಲಿ ಹೇಳಿ ಎಂದಿದ್ದೆ. ಪಕ್ಕದ ಕೋಣೆಗೆ ಬೀಗವಿದ್ದರೆ ಏನು ಮಾಡಬೇಕೆಂದು ಹೇಳಿರಲಿಲ್ಲ.

ಸೂಜಿಮದ್ದು ಕೊಡುವುದನ್ನು ಮೂರೂ ತಾಲ್ಲೂಕಿನಲ್ಲಿ ನಿಲ್ಲಿಸಿದರು. ವಿಚಾರಣೆಯಾಯಿತು. ಎಲ್ಲಿ ತಪ್ಪಿತು ಎಂದು ಖಚಿತವಾಗಿ ಗೊತ್ತಾಗಲಿಲ್ಲ. ಗೊತ್ತಾಗದಿದ್ದರೂ ಕೈ ತೊಳೆಯುವುದರಿಂದ ಹಿಡಿದು ಎಲ್ಲ ಕ್ರಮವನ್ನೂ ಬಿಗಿ ಮಾಡಿ, ಒಪ್ಪಿಗೆ ಸಿಕ್ಕಿದ ಮೇಲೆಯೇ ಮತ್ತೆ ಶುರು ಮಾಡಿದ್ದು.

ಅಧ್ಯಯನದ ಮುಖ್ಯಸ್ಥರು, ತಲೆ ಪೂರ್ತಿ ನರೆತ ಡಾಕ್ಟರು, ಆಸ್ಪತ್ರೆಗೆ ಬಂದು ಹೋಟ್ಲಕ್ಕನ ಮಂಚದ ಪಕ್ಕ ನಿಂತರು. "ತಪ್ಪಾಗಿದೆ ಅಮ್ಮ," ಎಂದರು. ಪರವಾಗಿಲ್ಲ ಬಿಡಿ ಎನ್ನುತ್ತಾರೆಂದು ನಾನು ಎಣಿಸಿದ್ದೆ. ಅವರು ಹಾಗೆ ಅನ್ನಲಿಲ್ಲ.

"ಕಾಲಿಗೆ ಹಿಂಗಾಗಿದ್ದಕ್ಕೆ ಸಿಟ್ಟಿಲ್ಲ ಡಾಕ್ಟ್ರೆ. ಹಿಂಗೂ ಆಗಬಹುದು ಅಂತ ಓದಿ ಹೇಳಿದ್ರಿ, ನಾನು ಕೇಳೇ ರುಜು ಹಾಕೀನಿ. ಆದ್ರೆ ಎರಡು ದಿನ ಫೋನು ಮಾಡೀನಿ, ಒಬ್ರೂ ಎತ್ಲಿಲ್ಲ. ಮೊದಲನ್ ಲಾಂಚು ಬರೋಕೆ ಮುಂಚೆ ನಾನು ಅಂಗಡಿ ಬಾಗ್ಲು ತೆಗಿತೀನಿ. ಜ್ವರ ಬಂದ್ರೂ ತೆಗಿತೀನಿ. ಜನ ಬರ್ತಾರೆ ಅಂತ ಗೊತ್ತಿರೋರು ಬಾಗ್ಲು ಹಾಕ್ಕಂಡು ಹೋಗಬಾರ್ದು."

ಡಾಕ್ಟರು ಸಮಜಾಯಿಷಿ ಕೊಡಲಿಲ್ಲ. ಸ್ಟೂಲು ಎಳೆದು ಕೂತು ಜೇಬಿನಿಂದ ಪೆನ್ನು ತೆಗೆದರು. "ಕಾರ್ಡಿನಲ್ಲಿ ಏನಂತ ಬರೀಬೇಕು, ನೀವೇ ಹೇಳಿ."

ಹೋಟ್ಲಕ್ಕ ಸೂರು ನೋಡುತ್ತ ಹೇಳಿದರು. ಡಾಕ್ಟರು ಬರೆದರು. ಮುಂದಿನ ವಾರ ಎಲ್ಲರಿಗೂ ಹೊಸ ಕಾರ್ಡು ಹೋಯಿತು. ಅದರಲ್ಲಿ ಎರಡು ಫೋನ್ ನಂಬರು, ಕೆಳಗೆ ದಪ್ಪ ಅಕ್ಷರದಲ್ಲಿ: "ಜ್ವರ, ಬಾವು, ಬಿದ್ದಿದ್ದು ಏನೇ ಆದರೂ ಎದುರಿಗೆ ಸಿಕ್ಕವರಿಗೆ ಹೇಳಿ. ಮುಚ್ಚಿಡಬೇಡಿ."

ನನಗೆ ಎಲ್ಲ ಗೊತ್ತಾಗಿಬಿಟ್ಟಿದ್ದರಿಂದ ಇನ್ನು ಮುಂದೆ ಹೋಟ್ಲಕ್ಕನನ್ನು ಅಳೆಯುವ ಹಾಗಿರಲಿಲ್ಲ. ಆ ಕೆಲಸಕ್ಕೆ ಬೇರೊಬ್ಬರು ಬಂದರು. ಹೋಟ್ಲಕ್ಕನ ನಂಬರನ್ನು ಯಾರೂ ತೆಗೆದು ಹಾಕಲಿಲ್ಲ. ನನಗೆ ಒಂದು ಬಗೆಯ ಬಿಡುಗಡೆ. ಡಾಕ್ಟರ ಒಪ್ಪಿಗೆ ಪಡೆದು, ಭಾನುವಾರಗಳಲ್ಲಿ ಲಾಂಚು ದಾಟಿ ಹೋಗಿ ಅವರ ಕಾಲು ಮಡಚಿಸತೊಡಗಿದೆ. ತಿಂಗಳುಗಟ್ಟಲೆ ಬಿಗಿದಿದ್ದ ಕೀಲು. ಒಂದೊಂದು ಡಿಗ್ರಿಗೂ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ದಡದಿಂದ ಹೊರಟ ಲಾಂಚು ಹಾರ್ನು ಹಾಕುತ್ತಿತ್ತಲ್ಲ, "ಅದು ಕೇಳೋ ತನಕ ಮಡಚು, ಕೇಳಿದ್ಮೇಲೆ ಬಿಡು ಮಗಾ," ಎಂದರು ಒಂದು ದಿನ. ಮೇಡಮ್ನೋರು ಹೋಗಿ ಮಗ ಆದದ್ದು ಅವತ್ತೇ. ನಾನೂ ಅಮ್ಮ ಬಿಟ್ಟು ಎಲ್ಲರ ಹಾಗೆ ಅಕ್ಕ ಎಂದೆ. ಅವರ ಕೈಯ ಚಹಾ ಕುಡಿದದ್ದೂ ಆಗಲೇ. ಶುಂಠಿ ಸ್ವಲ್ಪ ಹೆಚ್ಚು ಎಂದೆ. "ಅದಕ್ಕೇ ಗುರುತಿಲ್ಲದವ್ರನ್ನ ಕೇಳ್ಬೇಕು ಅನ್ನದು. ನಿಂದು ಇನ್ನು ಲೆಕ್ಕಕ್ಕಿಲ್ಲ," ಎಂದು ನಕ್ಕರು.

ಕಾಲು ಕುರ್ಚಿಯಲ್ಲಿ ಕೂರುವಷ್ಟು, ಏರು ಹತ್ತುವಷ್ಟು ಮಡಚಿತು. ನೆಲದ ಮೇಲೆ ಕುಕ್ಕುರುಗಾಲಲ್ಲಿ ಕೂರುವಷ್ಟು ಎಂದೂ ಮಡಚಲಿಲ್ಲ. ತಂಗಿ ಒಲೆಯನ್ನು ನೆಲದಿಂದ ಎತ್ತಿ ಕಟ್ಟೆಯ ಮೇಲೆ ಕಟ್ಟಿಸಿದರು. ಹಾಲಿನ ಕ್ಯಾನು ಹೊರುವುದನ್ನು ಲಾಂಚಿನವರೇ ವಹಿಸಿಕೊಂಡರು. ಯಾರೂ ಕೇಳಿರಲಿಲ್ಲ.

ಅಧ್ಯಯನ ಮುಗಿದ ಮೇಲೆ, ಬಂದಿದ್ದವರಿಗೆಲ್ಲ ಫಲಿತಾಂಶ ಹೇಳಲು ಹೊಸನಗರದಲ್ಲಿ ಒಂದು ಸಭೆ ಕರೆದರು. ಮೂರೂ ತಾಲ್ಲೂಕಿನಿಂದ ಜನ ಬಂದಿದ್ದರು. ಹಾಲ್ ತುಂಬ ಕುರ್ಚಿ ಹಿಡಿದು ಏಳುವ, ಕುರ್ಚಿ ಹಿಡಿದು ಕೂರುವ ಸದ್ದು. ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸುತ್ತ ಸರಳವಾಗಿ ವಿವರಿಸಿದರು. ಎರಡೂ ಗುಂಪಿನವರಿಗೆ ಸ್ವಲ್ಪ ಸ್ವಲ್ಪ ಗುಣ ಕಂಡಿದೆ, ಒಂದು ಇನ್ನೊಂದಕ್ಕಿಂತ ಬಹಳ ಮೇಲು ಎಂದು ಈ ಅಧ್ಯಯನದಿಂದ ಹೇಳಲಾಗುವುದಿಲ್ಲ ಎಂದರು. ನನ್ನ ಒಳಗಿನ ಆಸೆಗೂ ಅಲ್ಲಿಗೆ ಉತ್ತರ ಸಿಕ್ಕಿತು. ಕೊನೆಯ ಚಿತ್ರದಲ್ಲಿ ಒಂದು ಸಾಲಿತ್ತು. "ಗಂಭೀರ ತೊಂದರೆಯಾದವರು: ಒಬ್ಬರು." ಡಾಕ್ಟರು ಅದನ್ನು ಓದಿ, ಹೆಸರು ಹೇಳುವ ಹಾಗಿಲ್ಲ ಎಂದು ಮುಂದೆ ಹೋಗುವುದರಲ್ಲಿದ್ದರು.

ಮೂರನೇ ಸಾಲಿನಲ್ಲಿ ಹೋಟ್ಲಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದರು.

"ಆ ಒಬ್ರು ನಾನು."

ಎಲ್ಲರೂ ಆ ಕಡೆ ತಿರುಗಿದರು. ಪಕ್ಕದಲ್ಲಿದ್ದ ತಂಗಿ ಅವರ ಸೆರಗು ಹಿಡಿದು ಜಗ್ಗಿದರು.

"ನಂಗೆ ಬಾವು ಬಂದಿತ್ತು, ಜ್ವರ ಬಂದಿತ್ತು. ಫೋನು ಎತ್ತೋರಿರ್ಲಿಲ್ಲ, ಆದ್ರೂ ನಾಲ್ಕು ದಿನ ಬೇರೆ ಯಾರಿಗೂ ಹೇಳ್ದೇ ಕೂತೆ. ಹೇಳಿದ್ರೆ ಇವ್ರ ಕೆಲಸ ಕೆಡ್ತದೆ ಅಂತ ತಿಳ್ಕಂಡೆ. ಸಾಯೋದೊಂದು ಬಾಕಿ ಇತ್ತು. ನಾವು ಬಂದಿದ್ದು ನಮ್ಗೆ ಆಗಿದ್ದನ್ನ ಹೇಳಕ್ಕೆ. ಅದನ್ನೇ ಮುಚ್ಚಿಟ್ರೆ ಇವ್ರು ಬರ್ಕಂಡಿದ್ದಕ್ಕೆ ಎಂತ ಬೆಲೆ? ನಿಮ್ಮಲ್ಲೂ ಯಾರಾದ್ರೂ ಏನಾದ್ರೂ ಇಟ್ಕಂಡಿದ್ರೆ ಹೇಳಿಬಿಡಿ."

ಅಷ್ಟು ಹೇಳಿ ಕೂತರು. ಹಿಂದಿನಿಂದ ನಿಟ್ಟೂರಿನ ಕಡೆಯ ಒಬ್ಬ ಹಿರಿಯರು ಎದ್ದರು. ದಿನಾ ಮನೆಯಲ್ಲಿ ವ್ಯಾಯಾಮ ಮಾಡಿದೆನೆಂದು ಚೀಟಿಯಲ್ಲಿ ಗುರುತು ಹಾಕಿದ್ದರಂತೆ, ಮಾಡಿದ್ದು ಮೊದಲ ತಿಂಗಳು ಮಾತ್ರ. ತೀರ್ಥಹಳ್ಳಿ ಕಡೆಯ ಒಬ್ಬ ಹೆಂಗಸು, ವ್ಯಾಯಾಮ ಮಾಡುವಾಗ ಜಾರಿ ಬಿದ್ದಿದ್ದೆ, ಕಲಿಸಿದ ಮಾಸ್ತರಿಗೆ ಬೈಗುಳ ಬೀಳಬಾರದೆಂದು ಹೇಳಲಿಲ್ಲ ಎಂದರು. ಇನ್ನೊಬ್ಬರು ಸೂಜಿಯ ಜೊತೆಗೆ ನಾಟಿ ಔಷಧಿಯ ಎಣ್ಣೆಯನ್ನೂ ಹಚ್ಚಿಕೊಂಡಿದ್ದರು. ಒಬ್ಬರಾದ ಮೇಲೆ ಒಬ್ಬರು ಏಳತೊಡಗಿದರು.

"ಊಟ ಆಮೇಲೆ," ಎಂದರು ಡಾಕ್ಟರು. "ಏನೇನು ಹೇಳೋದಿದೆ, ಇಲ್ಲಿ ಬಂದು ಹೇಳಿ. ಎಲ್ಲ ಬರ್ಕೊಳ್ತೀವಿ." ನಾನು ಒಂದು ಮೇಜು ಹಾಕಿಕೊಂಡು ಕೂತೆ. ವರ್ಷವಿಡೀ ಕೇಳದೆ ಉಳಿದದ್ದನ್ನೆಲ್ಲ ಅವತ್ತು ಕೇಳಿದೆ. ಅದನ್ನೆಲ್ಲ ಸೇರಿಸಿ ಲೆಕ್ಕವನ್ನು ಮತ್ತೆ ಮಾಡಲು ಡಾಕ್ಟರಿಗೆ ಹಲವು ತಿಂಗಳು ಹಿಡಿಯಿತು. ವರದಿಯಲ್ಲಿ, ಜನ ಕೊನೆಯ ದಿನ ಹೇಳಿದ ಈ ಮಾತುಗಳಿಗೇ ಒಂದು ಭಾಗ ಬಿಟ್ಟರು.

ಸಾಲು ಕರಗಿ, ಅನ್ನ ಸಾರಿನ ಪಾತ್ರೆಗಳು ಆರಿಹೋಗುವ ಹೊತ್ತಿಗೆ ಕೊನೆಯವರಾಗಿ ಹೋಟ್ಲಕ್ಕ ಬಂದು ಮೇಜಿನ ಮುಂದೆ ನಿಂತರು.

"ನಿಮ್ದೆಲ್ಲ ಬರೆದಾಗಿದೆಯಲ್ಲ ಅಕ್ಕಾ," ಎಂದೆ.

"ಎಲ್ಲ ಬರೆದಿಲ್ಲ." ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬಾಗಿದರು. "ಅವತ್ತು ಆಟೋದಲ್ಲಿ ನೀನು ನೋವು ಕೇಳ್ದೆ, ಜ್ವರ ಕೇಳ್ದೆ. ಆಸ್ಪತ್ರೇಲೂ ಅದನ್ನೇ ಕೇಳಿದ್ರು. ಹೆದ್ರಿಕೆ ಆಗ್ತಿದ್ಯಾ ಅಂತ ಯಾರೂ ಕೇಳ್ಲಿಲ್ಲ. ನಂಗೆ ಬಾಳ ಹೆದ್ರಿಕೆ ಆಗಿತ್ತು ಮಗಾ. ಬರ್ಕ."

ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ.

"ಓದು," ಎಂದರು.

"ತುಂಬ ಹೆದರಿದ್ದರು," ಎಂದು ಓದಿದೆ.

ತಲೆಯಾಡಿಸಿದರು. ಆಮೇಲೆ ನನ್ನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು, ಎಡಗಾಲನ್ನು ಮುಂದಕ್ಕೆ ಚಾಚಿ, ನಿಧಾನವಾಗಿ ಕೂತರು.